ಮೋಟರ್‌ಹೋಮ್‌ನ ನೀರಿನ ಟ್ಯಾಂಕ್ ತಾನಾಗಿಯೇ ತುಂಬಿ ಹರಿಯುತ್ತಿದೆ, ಪಂಪ್ ಬದಲಿಸಬೇಕಾ?

ದಾರಿಹೋಕ · ಸ್ಯಾಕ್ರಮೆಂಟೊ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ನಾವು ಒಂದು ಹಳೆಯ ಮೋಟರ್‌ಹೋಮ್ ಕೊಂಡೆವು. 2011ರ ಗಾಡಿ, 25 ಅಡಿ ಉದ್ದ. ಕುಡಿಯುವ ನೀರಿನ ಟ್ಯಾಂಕ್ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಇಂಜಿನ್, ಟೈರ್, ಗ್ಯಾಸ್ ಎಲ್ಲ ಚೆನ್ನಾಗಿದೆ. ನೀರಿನದ್ದೇ ತಲೆನೋವು.

ಕಳೆದ ವಾರ ಸಮುದ್ರದ ಹತ್ತಿರ ಒಂದು ಕ್ಯಾಂಪ್‌ನಲ್ಲಿ ನಿಂತಿದ್ದೆವು. ಅಲ್ಲಿನ ನಲ್ಲಿಗೆ ಪೈಪ್ ಹಾಕಿ ಗಾಡಿಯ ಸಿಟಿ ವಾಟರ್ ಬಾಯಿಗೆ (ಹೊರಗಿನ ನೀರು ನೇರವಾಗಿ ಒಳಗಿನ ನಲ್ಲಿಗಳಿಗೆ ಹೋಗುವ ಬಾಯಿ) ಜೋಡಿಸಿದೆ. ಒಳಗೆ ಎಲ್ಲ ನಲ್ಲಿಗಳಲ್ಲೂ ಜೋರಾಗಿ ನೀರು ಬಂತು. ರಾತ್ರಿ 11ಕ್ಕೆ ಪಕ್ಕದ ಗಾಡಿಯವರು ಬಾಗಿಲು ತಟ್ಟಿದರು. ಹೊರಗೆ ಬಂದು ನೋಡಿದರೆ ನಮ್ಮ ಗಾಡಿಯ ಕೆಳಗೆ ನೀರು ಸುರಿಯುತ್ತಿದೆ. ಹೊರಡುವಾಗ ಟ್ಯಾಂಕ್‌ನಲ್ಲಿ ಮೂರನೇ ಒಂದು ಭಾಗ ಮಾತ್ರ ನೀರಿತ್ತು. ಈಗ ಪ್ಯಾನೆಲ್‌ನಲ್ಲಿ ಫುಲ್ ತೋರಿಸುತ್ತಿತ್ತು. ನಾನು ಟ್ಯಾಂಕ್ ತುಂಬಿಸಿಯೇ ಇರಲಿಲ್ಲ. ಕ್ಯಾಂಪಿನ ನಲ್ಲಿಯನ್ನು ಮುಚ್ಚಿದ ಮೇಲೆ ನಿಂತಿತು.

ಎರಡನೆಯ ತೊಂದರೆ. ಪೈಪ್ ಬಿಚ್ಚಿ ಪಂಪ್ ಹಾಕಿದರೆ ನಲ್ಲಿ ಫುಸ್ ಫುಸ್ ಎಂದು ಗಾಳಿ ಉಗುಳುತ್ತದೆ. ನೀರು ಬಿಟ್ಟು ಬಿಟ್ಟು ಬರುತ್ತದೆ. ಎಲ್ಲ ನಲ್ಲಿ ಮುಚ್ಚಿದ್ದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಪಂಪ್ ಗರ್ ಎಂದು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ರಾತ್ರಿ ಮಕ್ಕಳು ಎದ್ದು ಕೂರುತ್ತಾರೆ.

ಇಲ್ಲಿನ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದೆ. ಪಂಪ್ ಜೊತೆಗೆ ಪೈಪ್ ಲೈನ್ ಕೂಡ ಬದಲಿಸಬೇಕು, 900 ಡಾಲರ್ ಆಗುತ್ತದೆ ಎಂದರು. ಗಾಡಿಯ ಒಳಗೆ ಕಾಲಿಡಲಿಲ್ಲ.

ಮೇ ತಿಂಗಳಲ್ಲಿ ದಾವಣಗೆರೆಯಿಂದ ಅತ್ತೆ ಮಾವ ಬರುತ್ತಾರೆ. ಯೊಸೆಮಿಟಿಗೆ ಕರೆದುಕೊಂಡು ಹೋಗುವ ಆಸೆ. ಪಾರ್ಕ್ ಒಳಗಿನ ಕ್ಯಾಂಪ್‌ಗಳಲ್ಲಿ ಗಾಡಿಗೆ ನೀರು, ಕರೆಂಟ್ ಜೋಡಿಸುವ ಅನುಕೂಲ ಇಲ್ಲ. ಟ್ಯಾಂಕ್ ನೀರನ್ನೇ ನಂಬಬೇಕು. ಮಾವನಿಗೆ ಸಕ್ಕರೆ ಕಾಯಿಲೆ, ರಾತ್ರಿ ಮೂರು ನಾಲ್ಕು ಸಲ ಏಳುತ್ತಾರೆ. ತಿಳಿದವರು ದಾರಿ ತೋರಿಸಿ.

ಹೆದ್ದಾರಿ · ಡಲ್ಲಾಸ್

ಪಂಪ್ ಹೋಗಿದೆ. ಹೊಸದು ಹಾಕಿ ಸರ್. 100 ಡಾಲರ್ ಆಸುಪಾಸಿಗೆ ಸಿಗುತ್ತದೆ. ನಾಲ್ಕು ಸ್ಕ್ರೂ, ಎರಡು ಪೈಪ್, ಎರಡು ವೈರ್. ಅರ್ಧ ಗಂಟೆ ಕೆಲಸ.

ಚಕ್ರದ ಮನೆ · ಫೀನಿಕ್ಸ್

ಹೆದ್ದಾರಿಯವರೇ, ಸ್ವಲ್ಪ ತಡೆಯಿರಿ. ಹೊಸ ಪಂಪ್ ಹಾಕಿದರೆ ಮೊದಲ ತೊಂದರೆ ಹೋಗಬಹುದು. ಎರಡನೆಯದು ಹಾಗೇ ಉಳಿದರೆ ಏನು ಮಾಡುತ್ತಾರೆ? ಮೊದಲು ನೀರು ಯಾವ ದಾರಿಯಲ್ಲಿ ಹೋಗುತ್ತದೆ ಅಂತ ನೋಡೋಣ.

ನಮ್ಮ ಗಾಡಿಗಳಲ್ಲಿ ನಲ್ಲಿಗೆ ನೀರು ಎರಡು ಕಡೆಯಿಂದ ಬರುತ್ತದೆ. ಒಂದು, ಟ್ಯಾಂಕ್‌ನಿಂದ 12 ವೋಲ್ಟ್ ಪಂಪ್ ಮೂಲಕ. ಇನ್ನೊಂದು, ಕ್ಯಾಂಪ್ ನಲ್ಲಿಯಿಂದ ನೇರವಾಗಿ. ಪಂಪ್ ದಾಟಿದ ಮೇಲೆ ಎರಡೂ ಒಂದು ಟೀ ಜಾಯಿಂಟ್‌ನಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ಅಡುಗೆಮನೆ, ಬಚ್ಚಲು, ಗೀಸರ್ ಎಲ್ಲಕ್ಕೂ ಒಂದೇ ಲೈನ್.

ಕ್ಯಾಂಪ್ ನೀರು ಒತ್ತಡದಲ್ಲಿ ಆ ಟೀಗೆ ಬಂದಾಗ ನಲ್ಲಿಗಳ ಕಡೆಗೆ ಮಾತ್ರ ಅಲ್ಲ, ಪಂಪ್ ಕಡೆಗೂ ತಳ್ಳುತ್ತದೆ. ಅದನ್ನು ತಡೆಯುವುದು ಪಂಪ್ ತಲೆಯೊಳಗಿನ ಒಂದು ಚಿಕ್ಕ ಚೆಕ್ ವಾಲ್ವ್, ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು. ಅದರಲ್ಲಿ ಒಂದು ಚೂರು ಕಸ ಸಿಕ್ಕಿಕೊಂಡರೂ ಸಾಕು, ನೀರು ಹಿಂದಕ್ಕೆ ನುಗ್ಗಿ ಟ್ಯಾಂಕ್ ತುಂಬುತ್ತದೆ. ತುಂಬಿದ ಮೇಲೆ ಓವರ್‌ಫ್ಲೋ ಪೈಪ್‌ನಿಂದ ಗಾಡಿಯ ಕೆಳಗೆ ಸುರಿಯುತ್ತದೆ. ನಿಮಗೆ ಆದದ್ದು ಇದೇ ಇರಬೇಕು.

ರಾತ್ರಿ ಗರ್ ಎನ್ನುವುದಕ್ಕೂ ಇದೇ ಕಾರಣ ಆಗಬಹುದು. ಈ ಪಂಪ್‌ಗೆ ಒಂದು ಪ್ರೆಶರ್ ಸ್ವಿಚ್ ಇರುತ್ತದೆ. ಲೈನಿನಲ್ಲಿ ಒತ್ತಡ 45ರಿಂದ 55 ಪಿಎಸ್‌ಐ ಹತ್ತಿರ ಬಂದರೆ ನಿಲ್ಲುತ್ತದೆ, ಇಳಿದರೆ ಓಡುತ್ತದೆ. ನಲ್ಲಿ ಎಲ್ಲ ಮುಚ್ಚಿದ್ದರೂ ಒತ್ತಡ ಇಳಿಯುತ್ತಿದೆ ಅಂದರೆ ನೀರು ಎಲ್ಲೋ ಹೋಗುತ್ತಿದೆ. ಒಂದೋ ಹೊರಗೆ ಸೋರುತ್ತಿದೆ, ಇಲ್ಲವೋ ಅದೇ ಚೆಕ್ ವಾಲ್ವ್ ಮೂಲಕ ಟ್ಯಾಂಕ್‌ಗೆ ವಾಪಸ್ ಹೋಗುತ್ತಿದೆ.

ಗಾಳಿ ಉಗುಳುವುದು ಮಾತ್ರ ಬೇರೆ ಕಥೆ. ಅದು ಟ್ಯಾಂಕ್ ಮತ್ತು ಪಂಪ್ ನಡುವಿನ ಪೈಪಿನದ್ದು.

ಒಂದು ಪರೀಕ್ಷೆ ಮಾಡಿ. ಪಂಪ್ ಸ್ವಿಚ್ ಆಫ್ ಇರಲಿ. ಟ್ಯಾಂಕ್ ಖಾಲಿ ಮಾಡಿ. ಪಂಪ್‌ಗೆ ಟ್ಯಾಂಕ್ ಕಡೆಯಿಂದ ಬರುವ ಪೈಪ್ ಬಿಚ್ಚಿ, ಕೆಳಗೆ ಒಂದು ಪಾತ್ರೆ ಇಡಿ. ಈಗ ಮನೆಯ ನಲ್ಲಿಗೆ ಹೋಸ್ ಹಾಕಿ ಸಿಟಿ ವಾಟರ್ ಬಿಡಿ. ಪಂಪ್‌ನ ಬಾಯಿಂದ ನೀರು ಬಂದರೆ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಒಂದು ಹನಿಯೂ ಬರದಿದ್ದರೆ ಬೇರೆ ಕಡೆ ಹುಡುಕೋಣ.

ಅದಕ್ಕೂ ಮೊದಲು ಒಂದು ಪ್ರಶ್ನೆ. ನೀರು ಹಾಕುವ ಜಾಗದಲ್ಲಿ ಟ್ಯಾಂಕ್ ತುಂಬಿಸಲು, ಸಿಟಿ ವಾಟರ್‌ಗೆ ಅಂತ ತಿರುಗಿಸುವ ಹಿಡಿಕೆ ಏನಾದರೂ ಇದೆಯಾ? ಕೆಲವು ಗಾಡಿಗಳಲ್ಲಿ ಇರುತ್ತದೆ. ಅದು ಅರ್ಧಕ್ಕೆ ನಿಂತಿದ್ದರೂ ಟ್ಯಾಂಕ್ ತುಂಬುತ್ತದೆ.

ಮಂಜಿನ ಮಡಿಕೇರಿ · ಆಸ್ಟಿನ್

ದಾರಿಹೋಕರೇ, ಇದು ಸರಿಯಾಗುವ ತನಕ ಹೋಸ್ ಜೋಡಿಸಿ ಮಲಗಬೇಡಿ. ದಯವಿಟ್ಟು.

ನಮ್ಮ ಗಾಡಿಯಲ್ಲಿ ಟ್ಯಾಂಕ್ ಇರುವುದು ಮಂಚದ ಕೆಳಗೆ. ನಿಮ್ಮ ಹಾಗೆಯೇ ನೀರು ಹಿಂದಕ್ಕೆ ಹೋಗುತ್ತಿತ್ತು, ನಮಗೆ ಗೊತ್ತಿರಲಿಲ್ಲ. ಓವರ್‌ಫ್ಲೋ ಪೈಪ್‌ನಲ್ಲಿ ಯಾವುದೋ ಹುಳು ಮಣ್ಣಿನ ಗೂಡು ಕಟ್ಟಿತ್ತು. ನೀರು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಬೆಳಿಗ್ಗೆ ಎದ್ದಾಗ ಹಾಸಿಗೆಯ ಹಲಗೆ ಒಂದು ಕಡೆ ಎರಡು ಇಂಚು ಮೇಲೆದ್ದಿತ್ತು. ಟ್ಯಾಂಕ್ ಬಲೂನಿನ ಹಾಗೆ ಉಬ್ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ. ನಿಮಗೆ ನೀರು ಕೆಳಗೆ ಸುರಿದದ್ದೇ ಒಳ್ಳೆಯದಾಯಿತು.

ಅಂದಿನಿಂದ ಪ್ರತಿ ಪ್ರಯಾಣಕ್ಕೂ ಮೊದಲು ಆ ಪೈಪಿನ ತುದಿ ನೋಡುತ್ತೇನೆ. ತುದಿಗೆ ಸ್ಟೀಲ್ ಜಾಲರಿ ಕಟ್ಟಿದ್ದೇನೆ.

ಬೆಳಗಾವಿ ಹುಡುಗ · ಎಡಿನ್‌ಬರಾ

ಇದು ಚಳಿಗೆ ತೆರೆದುಕೊಳ್ಳುವ ಡ್ರೈನ್ ವಾಲ್ವ್ ಇರಬಹುದು ನೋಡ್ರಿ. ಕಳೆದ ಅಕ್ಟೋಬರ್‌ನಲ್ಲಿ ಹೈಲ್ಯಾಂಡ್ಸ್ ಕಡೆ ಹೋಗಿದ್ದೆವು. ಬೆಳಿಗ್ಗೆ ಎದ್ದರೆ ಟ್ಯಾಂಕ್ ಖಾಲಿ, ಗಾಡಿ ಕೆಳಗೆಲ್ಲ ನೀರು. ಪೈಪ್ ಒಡೆದಿದೆ ಅಂತಲೇ ಅಂದುಕೊಂಡೆ. ಎರಡು ಗಂಟೆ ಹೊಟ್ಟೆ ಮೇಲೆ ಮಲಗಿ ಟಾರ್ಚ್ ಹಿಡಿದು ಹುಡುಕಿದೆ. ಏನೂ ಒಡೆದಿರಲಿಲ್ಲ.

ನಮ್ಮ ಕಡೆಯ ಬಹಳ ಗಾಡಿಗಳಲ್ಲಿ ನೀರು ಕಾಯಿಸಲು ಟ್ರೂಮಾ ಕಂಪನಿಯ ಬಾಯ್ಲರ್ ಇರುತ್ತದೆ. ಅದರ ಪಕ್ಕದ ವಾಲ್ವ್, ಸುತ್ತಲಿನ ಗಾಳಿ ಸುಮಾರು 3 ಡಿಗ್ರಿಗೆ ಇಳಿದರೆ ತಾನಾಗಿಯೇ ತೆರೆದುಕೊಂಡು ನೀರು ಬಿಟ್ಟುಬಿಡುತ್ತದೆ. ಬಾಯ್ಲರ್ ಒಳಗೆ ನೀರು ಹೆಪ್ಪುಗಟ್ಟಿ ಒಡೆಯಬಾರದು ಅಂತ. ಸುಮಾರು 7 ಡಿಗ್ರಿ ಮೇಲೆ ಬರುವ ತನಕ ಅದನ್ನು ಮುಚ್ಚಲು ಆಗುವುದೇ ಇಲ್ಲ. ಒಳಗೆ ಹೀಟರ್ ಹಾಕಿ ಬೆಚ್ಚಗೆ ಮಾಡಿದ ಮೇಲೆ ಗುಂಡಿ ಒತ್ತಿದೆ, ನಿಂತಿತು.

ಚಕ್ರದ ಮನೆ · ಫೀನಿಕ್ಸ್

@ಬೆಳಗಾವಿ ಹುಡುಗ, ಅದು ಯುರೋಪಿನ ಗಾಡಿಗಳ ಪದ್ಧತಿ. ಇಲ್ಲಿನ 2011ರ ಗಾಡಿಯಲ್ಲಿ ಅದು ಇರುವುದಿಲ್ಲ. ಅದೂ ಅಲ್ಲದೆ ಅವರ ಟ್ಯಾಂಕ್ ಖಾಲಿಯಾಗಿಲ್ಲ, ತುಂಬಿದೆ. ದಿಕ್ಕೇ ಬೇರೆ.

ಬೆಳಗಾವಿ ಹುಡುಗ · ಎಡಿನ್‌ಬರಾ

ಹೌದಲ್ಲ, ಅದು ಸರಿ. ಆದರೂ ನನ್ನ ಮಾತು ಇಲ್ಲಿರಲಿ. ಯುರೋಪಿನಲ್ಲಿ ಗಾಡಿ ಬಾಡಿಗೆ ತೆಗೆದುಕೊಂಡು ಸುತ್ತುವವರು ಬಹಳ ಇದ್ದಾರೆ. ಇನ್ನೊಂದು ಹೇಳಬೇಕು. ನಮ್ಮಲ್ಲಿ ಎಷ್ಟೋ ಗಾಡಿಗಳಲ್ಲಿ ಪಂಪ್ ಟ್ಯಾಂಕ್ ಒಳಗೇ ಮುಳುಗಿರುತ್ತದೆ, ಪ್ರೆಶರ್ ಸ್ವಿಚ್ ಇರುವುದಿಲ್ಲ. ನಲ್ಲಿ ತಿರುಗಿಸಿದರೆ ಅದರೊಳಗಿನ ಸಣ್ಣ ಸ್ವಿಚ್ ಪಂಪ್ ಓಡಿಸುತ್ತದೆ. ಅಂಥ ಗಾಡಿಯಲ್ಲಿ ಒಂದೇ ನಲ್ಲಿಯಲ್ಲಿ ನೀರು ಬರದಿದ್ದರೆ ಪಂಪ್ ಬೈಯಬೇಡಿ, ಆ ನಲ್ಲಿಯ ಸ್ವಿಚ್ ನೋಡಿ.

ಕಲ್ಪತರು ನಾಡು · ಅಟ್ಲಾಂಟಾ

ಗಾಳಿ ವಿಷಯಕ್ಕೆ ಬರುತ್ತೇನೆ. ನಮ್ಮದು ತಿಪಟೂರು ಕಡೆ, ತೋಟದ ಮನೆ. ಚಿಕ್ಕಂದಿನಲ್ಲಿ ಬಾವಿ ಪಂಪ್‌ಸೆಟ್ ಜೊತೆಯೇ ಬೆಳೆದವನು. ಮೋಟರ್ ಓಡುತ್ತದೆ, ನೀರು ಬರುವುದಿಲ್ಲ ಅಂದರೆ ಅಪ್ಪ ಮೊದಲು ಕೈ ಇಡುತ್ತಿದ್ದದ್ದು ಬಾವಿಗೆ ಇಳಿದ ಪೈಪಿನ ಮೇಲೆ. ಮೇಲಿನ ಡೆಲಿವರಿ ಪೈಪ್ ಸೋರಿದರೆ ನೀರು ಕಾಣುತ್ತದೆ. ಹೀರುವ ಪೈಪ್‌ನಲ್ಲಿ ತೂತಾದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ, ಅದು ಗಾಳಿಯನ್ನು ಒಳಗೆ ಎಳೆಯುತ್ತದೆ. ಅದಕ್ಕೇ ಹುಡುಕುವುದು ಕಷ್ಟ.

ದಾರಿಹೋಕರೇ, ನೀವೂ ಪಂಪ್‌ನ ಹೀರುವ ಕಡೆ ನೋಡಿ. ಒಣಗಿದೆ, ಸೋರಿಲ್ಲ ಅಂತ ಬಿಡಬೇಡಿ. ಪಂಪ್ ಗಾಳಿ ಹಿಡಿದಿದ್ದರೆ ಮೊದಲು ನೀರು ಹೊಯ್ದು ಪ್ರೈಮ್ ಮಾಡಬೇಕು. ಇಲ್ಲದಿದ್ದರೆ ಸುಮ್ನೆ ತಿರುಗುತ್ತದೆ.

ಚಕ್ರದ ಮನೆ · ಫೀನಿಕ್ಸ್

ಹೀರುವ ಕಡೆಯ ಮಾತು ನೂರಕ್ಕೆ ನೂರು ಸರಿ ಅಣ್ಣ. ಪ್ರೈಮಿಂಗ್ ಮಾತ್ರ ಇದಕ್ಕೆ ಬೇಡ. ತೋಟದ ಪಂಪ್ ಒಳಗೆ ತಿರುಗುವ ಇಂಪೆಲ್ಲರ್ ಇರುತ್ತದೆ, ಅದಕ್ಕೆ ನೀರು ತುಂಬಿರಲೇಬೇಕು. ಈ ಗಾಡಿ ಪಂಪ್‌ನಲ್ಲಿ ರಬ್ಬರ್ ಡಯಾಫ್ರಮ್ ಇರುತ್ತದೆ. ಎದೆ ಉಸಿರಾಡಿದ ಹಾಗೆ ಹಿಂದೆ ಮುಂದೆ ಆಡುತ್ತದೆ. ಗಾಳಿಯನ್ನೂ ಹೀರುತ್ತದೆ, ನೀರನ್ನೂ ಹೀರುತ್ತದೆ. ಟ್ಯಾಂಕ್‌ನಲ್ಲಿ ನೀರಿದ್ದು, ಪೈಪ್ ಬಿಗಿಯಾಗಿದ್ದರೆ ತಾನೇ ಎಳೆದುಕೊಳ್ಳುತ್ತದೆ.

ಕಲ್ಪತರು ನಾಡು · ಅಟ್ಲಾಂಟಾ

ಒಪ್ಪಿದೆ. ಇದು ನನಗೆ ಗೊತ್ತಿರಲಿಲ್ಲ.

ಹೆದ್ದಾರಿ · ಡಲ್ಲಾಸ್

ನಾನು ಇನ್ನೂ ಹೇಳುತ್ತೇನೆ. 2011ರ ಪಂಪ್, ಇಷ್ಟು ವರ್ಷ ಆಗಿದೆ. ಅದನ್ನು ಬಿಚ್ಚಿ ತೊಳೆದು ಕೂರುವ ಬದಲು ಹೊಸದು ಹಾಕಿದರೆ ನೆಮ್ಮದಿ. ಕಾಡಿನ ಮಧ್ಯೆ ಕೈಕೊಟ್ಟರೆ ಮಾವನವರಿಗೆ ಏನು ಹೇಳುತ್ತಾರೆ?

ಮಂಜಿನ ಮಡಿಕೇರಿ · ಆಸ್ಟಿನ್

ಒಂದು ಹೊಸ ಪಂಪ್ ಕೊಂಡು ಗಾಡಿಯಲ್ಲಿ ಇಟ್ಟುಕೊಳ್ಳಲಿ, ಅದು ಒಳ್ಳೆಯ ಮಾತು. ಆದರೆ ಕಾರಣ ಹುಡುಕದೆ ಹಾಕಿದರೆ ಹೊಸ ಪಂಪೂ ಅದೇ ಕಸ ನುಂಗುತ್ತದೆ ಅಲ್ವಾ?

ಅಂಗಡಿಯವರ ಬಗ್ಗೆ ಒಂದು ಮಾತು. ಅವರನ್ನು ಪೂರ್ತಿ ತಪ್ಪು ಅನ್ನಲಾರೆ. ಇಲ್ಲಿ ಗಂಟೆಗೆ ಕೂಲಿ ಬಹಳ ಜಾಸ್ತಿ. ಸೋರುವ ಜಾಗ ಹುಡುಕುತ್ತ ಮೂರು ಗಂಟೆ ಕಳೆದರೆ ಅದೇ ದೊಡ್ಡ ಬಿಲ್ ಆಗುತ್ತದೆ. ಅದಕ್ಕೆ ಎಲ್ಲವನ್ನೂ ಬದಲಿಸುತ್ತೇವೆ ಅನ್ನುತ್ತಾರೆ. ನಮ್ಮ ಹತ್ತಿರ ಸಮಯ ಇದೆ, ನಾವು ಹುಡುಕಬಹುದು.

ಒಗ್ಗರಣೆ · ಸ್ಯಾನ್ ಹೋಸೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಹಳೆಯ ಗಾಡಿ ಅಂದಿರಿ. ಒಳಗಿನ ಪೈಪ್ ಬೂದು ಬಣ್ಣದ್ದಾ? 1978ರಿಂದ 1995ರ ತನಕ ಇಲ್ಲಿ ಪಾಲಿಬ್ಯುಟಿಲೀನ್ ಪೈಪ್ ಹಾಕುತ್ತಿದ್ದರು, ಜಾಯಿಂಟ್‌ನಲ್ಲಿ ಬಿರುಕು ಬಿಡುತ್ತದೆ. ನಮ್ಮ ಮೊದಲ ಗಾಡಿಯಲ್ಲಿ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಹೋಗುತ್ತಿತ್ತು.

ದಾರಿಹೋಕ · ಸ್ಯಾಕ್ರಮೆಂಟೊ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಒಗ್ಗರಣೆ ಮೇಡಂ, ನಮ್ಮದು ಕೆಂಪು ಮತ್ತು ನೀಲಿ ಪೆಕ್ಸ್ ಪೈಪ್, ಬೇರೆ ಬಗೆಯ ಪ್ಲಾಸ್ಟಿಕ್. ಚಕ್ರದ ಮನೆ ಸರ್, ತಿರುಗಿಸುವ ಹಿಡಿಕೆ ಹೊರಗೆ ಇಲ್ಲ. ಟ್ಯಾಂಕ್ ತುಂಬಲು ಬೇರೆ ಬಾಯಿ, ಸಿಟಿ ವಾಟರ್‌ಗೆ ಬೇರೆ ಬಾಯಿ.

ಇವತ್ತು ಬೆಳಿಗ್ಗೆ ಡೈನಿಂಗ್ ಸೀಟ್ ಎತ್ತಿ ಪಂಪ್ ನೋಡಿದೆ. ನೀವು ಹೇಳಿದ ಪರೀಕ್ಷೆ ಮಾಡಿದೆ. ಸಿಟಿ ವಾಟರ್ ಬಿಟ್ಟ ಕೂಡಲೇ ಪಂಪ್‌ನ ಬಾಯಿಂದ ಪೆನ್ಸಿಲ್ ದಪ್ಪ ನೀರು ಬಂತು. ಎರಡು ನಿಮಿಷದಲ್ಲಿ ಪಾತ್ರೆ ತುಂಬಿತು.

ಪಂಪ್‌ಗೆ ಮೊದಲು ಒಂದು ಪಾರದರ್ಶಕ ಬಟ್ಟಲು ಇದೆ, ಒಳಗೆ ಸಣ್ಣ ಜಾಲರಿ. ಅದನ್ನು ಬಿಚ್ಚಿದೆ. ಅದರ ತುಂಬ ಬಿಳಿ ಪ್ಲಾಸ್ಟಿಕ್ ಸುರುಳಿಗಳು! ತೆಂಗಿನಕಾಯಿ ತುರಿದ ಹಾಗೆ ಕಾಣುತ್ತದೆ. ಇದು ಎಲ್ಲಿಂದ ಬಂತು?

ಚಕ್ರದ ಮನೆ · ಫೀನಿಕ್ಸ್

ಟ್ಯಾಂಕ್‌ನಿಂದಲೇ. ಗಾಡಿ ಕಟ್ಟುವಾಗ ಪೈಪ್ ಕೂರಿಸಲು, ಸೆನ್ಸರ್ ಕೂರಿಸಲು ಟ್ಯಾಂಕ್‌ಗೆ ಡ್ರಿಲ್ ಹಾಕುತ್ತಾರೆ. ತುರಿ ಒಳಗೇ ಬಿದ್ದಿರುತ್ತದೆ. ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ಬಹಳ ಗಾಡಿಗಳಲ್ಲಿ ಇದು ಇದೆ. ಒಂದು ಎಳೆ ಜಾಲರಿ ದಾಟಿ ಚೆಕ್ ವಾಲ್ವ್‌ನಲ್ಲಿ ಸಿಕ್ಕಿದೆ ಅನ್ನಿಸುತ್ತದೆ. ಜಾಲರಿ ಹರಿದಿದೆಯಾ ನೋಡಿ.

ಪಂಪ್ ಹೊರಗೆ ತೆಗೆಯಿರಿ. ಬ್ಯಾಟರಿ ವೈರ್ ಬಿಚ್ಚಿದ ಮೇಲೆ. ತಲೆಯ ಸ್ಕ್ರೂ ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆಯಿರಿ, ಒಳಗೆ ಸಣ್ಣ ಸ್ಪ್ರಿಂಗ್ ಇದ್ದರೆ ಹಾರಿಹೋಗುತ್ತದೆ. ವಾಲ್ವ್ ತೊಳೆದು, ರಬ್ಬರ್ ಗಟ್ಟಿಯಾಗಿಲ್ಲ ಅಂತ ನೋಡಿ ವಾಪಸ್ ಹಾಕಿ.

ಇನ್ನು ಗಾಳಿ. ಆ ಬಟ್ಟಲಿನ ಮುಚ್ಚಳದಲ್ಲಿ ಒಂದು ರಬ್ಬರ್ ರಿಂಗ್ ಇರುತ್ತದೆ. ಒಣಗಿದ್ದರೆ ಬದಲಿಸಿ. ಬಟ್ಟಲಿನಲ್ಲಿ ಕೂದಲೆಳೆಯ ಬಿರುಕು ಇದ್ದರೂ ಗಾಳಿ ಎಳೆಯುತ್ತದೆ. ಚಳಿಗಾಲದಲ್ಲಿ ಅದರಲ್ಲಿ ನೀರು ಉಳಿದು ಹೆಪ್ಪುಗಟ್ಟಿದರೆ ಒಡೆಯುತ್ತದೆ. ಮತ್ತೆ, ಪಂಪ್ ಹತ್ತಿರ ಒಂದು ತುಂಡು ಪೈಪ್ ಸುಮ್ನೆ ನೇತಾಡುತ್ತಿದೆಯಾ?

ದಾರಿಹೋಕ · ಸ್ಯಾಕ್ರಮೆಂಟೊ

ಇದೆ! ಎರಡು ಅಡಿ ಉದ್ದದ ಪೈಪ್, ತುದಿ ಖಾಲಿ. ಅದು ಒಂದು ಥ್ರೀ-ವೇ ವಾಲ್ವ್‌ಗೆ ಸೇರಿದೆ. ಏನಕ್ಕೆ ಅಂತ ಗೊತ್ತಾಗಲಿಲ್ಲ, ಹಾಗೇ ಬಿಟ್ಟೆ.

ಚಕ್ರದ ಮನೆ · ಫೀನಿಕ್ಸ್

ಸಿಕ್ಕಿತು ನೋಡಿ. ಅದು ಚಳಿಗಾಲದ ಪೈಪ್. ಹಿಮ ಬೀಳುವ ಮೊದಲು ಆ ತುದಿಯನ್ನು ಗುಲಾಬಿ ಬಣ್ಣದ ಆಂಟಿಫ್ರೀಜ್ ಡಬ್ಬದಲ್ಲಿ ಮುಳುಗಿಸಿ ಪಂಪ್ ಓಡಿಸುತ್ತಾರೆ. ಎಲ್ಲ ಪೈಪ್‌ಗಳಲ್ಲಿ ಅದು ತುಂಬಿಕೊಂಡರೆ ನೀರು ಹೆಪ್ಪುಗಟ್ಟಿ ಒಡೆಯುವುದಿಲ್ಲ. ಆ ಥ್ರೀ-ವೇ ವಾಲ್ವ್ ಪಂಪ್‌ಗೆ ಹೇಳುತ್ತದೆ, ಟ್ಯಾಂಕ್‌ನಿಂದ ಎಳೆ ಅಥವಾ ಈ ಪೈಪ್‌ನಿಂದ ಎಳೆ ಅಂತ. ಹಿಡಿಕೆ ನಡುವೆ ನಿಂತಿದ್ದರೆ ಎರಡರಿಂದಲೂ ಎಳೆಯುತ್ತದೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಗಾಳಿ. ನಿಮ್ಮ ಫುಸ್ ಫುಸ್ ಅದೇ.

ಹಿಡಿಕೆ ಎಲ್ಲಿದೆ ಈಗ?

ದಾರಿಹೋಕ · ಸ್ಯಾಕ್ರಮೆಂಟೊ

ಸರಿಯಾಗಿ ನಡುವೆ. ಸರ್, ಈಗಲೇ ಹೋಗುತ್ತೇನೆ.

ಕಲ್ಪತರು ನಾಡು · ಅಟ್ಲಾಂಟಾ

ಆಹಾ! ತೂತಿಗಾಗಿ ಹುಡುಕುತ್ತಿದ್ದೆವು, ಇಲ್ಲಿ ಬಾಯಿಯೇ ತೆರೆದಿದೆ.

ಒಗ್ಗರಣೆ · ಸ್ಯಾನ್ ಹೋಸೆ

ಆಂಟಿಫ್ರೀಜ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೊಸಬರು ದಯವಿಟ್ಟು ಗಮನಿಸಿ. ಕಾರಿನ ರೇಡಿಯೇಟರ್‌ಗೆ ಹಾಕುವ ಹಸಿರು ಕೂಲೆಂಟ್ ಬೇರೆ, ಅದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ನೀರಿನ ಪೈಪ್‌ಗೆ ಹಾಕುವುದು ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ್ದು. ಬಣ್ಣ ಮಾತ್ರ ನಂಬಬೇಡಿ, ಡಬ್ಬದ ಮೇಲೆ ಓದಿ.

ನಮ್ಮದು ಒಂದು ಪ್ರಶ್ನೆ ಇದೆ. ಟ್ಯಾಂಕ್ ನೀರನ್ನು ನೀವೆಲ್ಲ ಕುಡಿಯುತ್ತೀರಾ? ನನಗೆ ಇನ್ನೂ ಧೈರ್ಯ ಬರುವುದಿಲ್ಲ. ಕಾಫಿಗೆ ಕ್ಯಾನ್ ನೀರು ತರುತ್ತೇನೆ. ಟ್ಯಾಂಕ್ ನೀರಿನಲ್ಲಿ ಡಿಕಾಕ್ಷನ್ ಹಾಕಿದರೆ ಪ್ಲಾಸ್ಟಿಕ್ ವಾಸನೆ ಬರುತ್ತದೆ.

ಮಂಜಿನ ಮಡಿಕೇರಿ · ಆಸ್ಟಿನ್

ನಾವು ಕುಡಿಯುತ್ತೇವೆ ಅಕ್ಕ. ವರ್ಷಕ್ಕೆ ಎರಡು ಸಲ ಬ್ಲೀಚ್ ಹಾಕಿ ತೊಳೆಯುತ್ತೇವೆ. ವಾಸನೆ ಬರುವುದು ಹೋಸ್‌ನಿಂದ ಇರಬಹುದು. ತೋಟಕ್ಕೆ ನೀರು ಬಿಡುವ ಹಸಿರು ಹೋಸ್ ಬಳಸಬೇಡಿ. ಕುಡಿಯುವ ನೀರಿಗೆ ಅಂತಲೇ ಬಿಳಿ ಹೋಸ್ ಬರುತ್ತದೆ. ಕೊಳಚೆ ಟ್ಯಾಂಕ್ ತೊಳೆಯಲು ಬೇರೆ ಹೋಸ್, ಬೇರೆ ಬಣ್ಣ, ಬೇರೆ ಡಬ್ಬದಲ್ಲಿ ಇಡಿ. ಇದರಲ್ಲಿ ನಮ್ಮ ಮನೆಯಲ್ಲಿ ಮಡಿ ಮೈಲಿಗೆ ಕಟ್ಟುನಿಟ್ಟು.

ಹೆದ್ದಾರಿ · ಡಲ್ಲಾಸ್

ಬ್ಲೀಚ್ ಜೊತೆ ಸ್ವಲ್ಪ ವಿನೆಗರ್ ಹಾಕಿ, ವಾಸನೆ ಪೂರ್ತಿ ಹೋಗುತ್ತದೆ.

ಚಕ್ರದ ಮನೆ · ಫೀನಿಕ್ಸ್

ಬೇಡ! ಬ್ಲೀಚ್ ಮತ್ತು ವಿನೆಗರ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಗಾಡಿಯಂಥ ಚಿಕ್ಕ ಜಾಗದಲ್ಲಿ ಜೀವಕ್ಕೇ ಅಪಾಯ. ಒಂದಾದ ಮೇಲೆ ಒಂದು ಹಾಕುವುದಾದರೂ ನಡುವೆ ಪೂರ್ತಿ ತೊಳೆದಿರಬೇಕು. ಹೆದ್ದಾರಿಯವರೇ, ದಯವಿಟ್ಟು ಆ ಸಲಹೆ ವಾಪಸ್ ತೆಗೆದುಕೊಳ್ಳಿ.

ಹೆದ್ದಾರಿ · ಡಲ್ಲಾಸ್

ಖಂಡಿತ ತಪ್ಪಾಯಿತು. ಬೇರೆ ಬೇರೆಯಾಗಿ ಮಾಡಿದ್ದನ್ನು ಸೇರಿಸಿ ಬರೆದುಬಿಟ್ಟೆ. ಯಾರೂ ಹಾಗೆ ಮಾಡಬೇಡಿ.

ಮಂಜಿನ ಮಡಿಕೇರಿ · ಆಸ್ಟಿನ್

ಅಳತೆ ಬರೆಯುತ್ತೇನೆ. 15 ಗ್ಯಾಲನ್‌ಗೆ ಕಾಲು ಕಪ್, ಅಂದರೆ 60 ಎಂಎಲ್. ದಾರಿಹೋಕರ 40 ಗ್ಯಾಲನ್‌ಗೆ 160 ಎಂಎಲ್ ಆಗುತ್ತದೆ. ಪರಿಮಳ ಇಲ್ಲದ, ಸಾದಾ ಬ್ಲೀಚ್. ನೇರವಾಗಿ ಸುರಿಯಬೇಡಿ, ಒಂದು ಬಕೆಟ್ ನೀರಿನಲ್ಲಿ ಕಲಸಿ ಹಾಕಿ, ಆಮೇಲೆ ಟ್ಯಾಂಕ್ ತುಂಬಿಸಿ. ಗೀಸರ್ ಆಫ್ ಇರಲಿ. ಒಂದೊಂದೇ ನಲ್ಲಿ ತೆರೆದು, ಬಿಸಿ ತಣ್ಣೀರು ಎರಡರಲ್ಲೂ ಕ್ಲೋರಿನ್ ವಾಸನೆ ಬರುವ ತನಕ ಬಿಡಿ. ಶವರ್ ಮರೆಯಬೇಡಿ, ಹೊರಗಿನ ಶವರ್ ಇದ್ದರೆ ಅದನ್ನೂ. ನಾನು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಹೋಗುವ ತನಕ ಒಳ್ಳೆ ನೀರು ತುಂಬಿ ಬಿಡುತ್ತೇನೆ. ಎರಡು ಮೂರು ಸಲ ಬೇಕಾಗುತ್ತದೆ.

ಫಿಲ್ಟರ್ ಹಾಕಿದ್ದರೆ ಮೊದಲು ಅದರ ಒಳಗಿನ ಕಾರ್ಟ್ರಿಜ್ ತೆಗೆದಿಡಿ.

ಒಗ್ಗರಣೆ · ಸ್ಯಾನ್ ಹೋಸೆ

ಇದನ್ನು ಬರೆದು ಅಡುಗೆಮನೆ ಕಪಾಟಿಗೆ ಅಂಟಿಸುತ್ತೇನೆ. ಇನ್ನೊಂದು. ನಮ್ಮ ಬಿಸಿ ನೀರು ಮಾತ್ರ ಕೊಳೆತ ಮೊಟ್ಟೆಯ ವಾಸನೆ. ತಣ್ಣೀರು ಚೆನ್ನಾಗಿದೆ.

ಚಕ್ರದ ಮನೆ · ಫೀನಿಕ್ಸ್

ಗೀಸರ್ ಒಳಗೆ ಸ್ಟೀಲ್ ಟ್ಯಾಂಕ್ ಇದ್ದರೆ ಒಂದು ಆನೋಡ್ ಕಡ್ಡಿ ಇರುತ್ತದೆ. ತುಕ್ಕು ಟ್ಯಾಂಕ್ ಬದಲು ಆ ಕಡ್ಡಿಯನ್ನು ತಿನ್ನಲಿ ಅಂತ. ನೀರಿನಲ್ಲಿ ಸಲ್ಫೇಟ್ ಇದ್ದು, ಒಂದು ಬಗೆಯ ಬ್ಯಾಕ್ಟೀರಿಯಾ ಸೇರಿದರೆ, ಮೆಗ್ನೀಸಿಯಂ ಕಡ್ಡಿ ಇರುವ ಕಡೆ ಆ ವಾಸನೆ ಬರುತ್ತದೆ. ಗೀಸರ್ ಖಾಲಿ ಮಾಡಿ ತೊಳೆದು ಬ್ಲೀಚ್ ನೀರು ಒಳಗೂ ಹೋಗುವ ಹಾಗೆ ಮಾಡಿ. ಮತ್ತೆ ಬಂದರೆ ಅಲ್ಯೂಮಿನಿಯಂ ಕಡ್ಡಿ ಹಾಕಿ ನೋಡಿ. ಅಲ್ಯೂಮಿನಿಯಂ ಟ್ಯಾಂಕ್ ಇರುವ ಗೀಸರ್‌ಗೆ ಮಾತ್ರ ಈ ಕಡ್ಡಿ ಹಾಕುವುದಿಲ್ಲ.

ಒಂದು ಎಚ್ಚರಿಕೆ. ಬಿಸಿ ಇರುವಾಗ ಆ ಕಡ್ಡಿ ಬಿಚ್ಚಬೇಡಿ. ಗೀಸರ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದು ಬಿಸಿನೀರು ನಲ್ಲಿ ತೆರೆದು ಒತ್ತಡ ಬಿಟ್ಟು, ಆಮೇಲೆ ಬಿಚ್ಚಿ. ಗೀಸರ್ ಖಾಲಿ ಇರುವಾಗ ಕರೆಂಟ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಚಾಮುಂಡಿ ಬೆಟ್ಟದ ಬುಡ · ಮೈಸೂರು

ನಮಸ್ಕಾರ. ನಾನು ಇಲ್ಲಿ ಒಂದು ಹಳೆಯ ಟೆಂಪೋ ಟ್ರಾವೆಲರ್ ತೆಗೆದುಕೊಂಡು ಒಳಗೆ ಮಲಗುವ ಹಾಗೆ ಕಟ್ಟಿಸುತ್ತಿದ್ದೇನೆ. ಪಂಪ್ ಜಂಜಾಟ ಬೇಡ ಅಂತ ಮೇಲ್ಛಾವಣಿಯಲ್ಲಿ 100 ಲೀಟರ್ ಪ್ಲಾಸ್ಟಿಕ್ ಟ್ಯಾಂಕ್ ಇಡೋಣ ಅಂದುಕೊಂಡಿದ್ದೆ. ಮನೆ ಮೇಲಿನ ಟ್ಯಾಂಕ್ ಹಾಗೆ. ನಡೆಯುತ್ತದಾ?

ಕಲ್ಪತರು ನಾಡು · ಅಟ್ಲಾಂಟಾ

ನಡೆಯುತ್ತದೆ, ಆದರೆ ಶವರ್ ಬರುವುದಿಲ್ಲ. ಲೆಕ್ಕ ನೋಡಿ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಗಾಡಿ ಮೇಲಿನಿಂದ ಸಿಂಕ್‌ನ ನಲ್ಲಿಗೆ ಒಂದೂವರೆ ಮೀಟರ್ ಇಳಿದರೆ 0.15 ಬಾರ್, ಅಂದರೆ 2 ಪಿಎಸ್‌ಐ ಚಿಲ್ಲರೆ. ಕೈ ತೊಳೆಯಲು, ಪಾತ್ರೆ ತೊಳೆಯಲು ಸಾಕು. ಶವರ್‌ಗೆ ಎತ್ತರ ಇನ್ನೂ ಕಡಿಮೆ.

ಚಕ್ರದ ಮನೆ · ಫೀನಿಕ್ಸ್

ಒತ್ತಡಕ್ಕಿಂತ ನನಗೆ ಭಯ ಭಾರದ್ದು. 100 ಲೀಟರ್ ಅಂದರೆ 100 ಕೆಜಿ. ಅದು ತಲೆಯ ಮೇಲೆ ಕೂತರೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುತ್ತದೆ. ಶಿರಾಡಿ, ಚಾರ್ಮಾಡಿ ಕಡೆ ಓಡಿಸುವ ಆಸೆ ಇದ್ದರೆ ಬೇಡವೇ ಬೇಡ. ಟ್ಯಾಂಕ್ ನೆಲದ ಮಟ್ಟದಲ್ಲಿ, ಎರಡು ಚಕ್ರಗಳ ನಡುವೆ ಇರಲಿ. ಚಿಕ್ಕ 12 ವೋಲ್ಟ್ ಪಂಪ್ ಹಾಕಿ. ಬಿಸಿಲಿಗೆ ಬೆಳಕು ಬೀಳುವ ಟ್ಯಾಂಕ್‌ನಲ್ಲಿ ಪಾಚಿ ಕೂಡ ಬೇಗ ಹಿಡಿಯುತ್ತದೆ.

ಚಾಮುಂಡಿ ಬೆಟ್ಟದ ಬುಡ · ಮೈಸೂರು

ಘಾಟಿಯ ಮಾತು ಹೊಳೆದಿರಲಿಲ್ಲ. ಸೀಟ್ ಕೆಳಗೇ ಇಡುತ್ತೇನೆ.

ಹೆದ್ದಾರಿ · ಡಲ್ಲಾಸ್

ಭಾರ ಅಂದ ಮೇಲೆ, ದಾರಿಹೋಕರು ಮನೆಯಿಂದಲೇ ಟ್ಯಾಂಕ್ ತುಂಬಿಸಿಕೊಂಡು ಹೋಗಬಾರದು. 150 ಕೆಜಿ ಹೊತ್ತು ಬೆಟ್ಟ ಹತ್ತಬೇಕು. ಹತ್ತಿರ ಹೋಗಿ ತುಂಬಿಸಿ.

ಮಂಜಿನ ಮಡಿಕೇರಿ · ಆಸ್ಟಿನ್

ನಾನು ಮನೆಯಿಂದಲೇ ತುಂಬಿಸಿಕೊಂಡು ಹೋಗುವವಳು. ನಮ್ಮ ಮನೆ ನೀರಿನ ರುಚಿ ಗೊತ್ತಿದೆ. ಗಾಡಿಯ ಬಾಗಿಲ ಹತ್ತಿರದ ಚೀಟಿಯಲ್ಲಿ ಎಷ್ಟು ಭಾರ ಹೊರಬಹುದು ಅಂತ ಇರುತ್ತದೆ. ಅತ್ತೆ ಮಾವ, ಅವರ ಪೆಟ್ಟಿಗೆ, ನೀರು ಎಲ್ಲ ಸೇರಿಸಿ ಲೆಕ್ಕ ಹಾಕಿ. ಅದರೊಳಗೆ ಇದ್ದರೆ ಚಿಂತೆ ಇಲ್ಲ.

ಆದರೆ ಓಡುವಾಗ ನೀರು ಕಡಿಮೆಯಾಗುತ್ತದಾ ಅಂತ ಒಂದು ಸಲ ನೋಡಿ. ಕುಲುಕಿದಾಗ ಓವರ್‌ಫ್ಲೋ ಪೈಪ್‌ನಲ್ಲಿ ನೀರು ಹತ್ತಿ, ಅದೇ ಸೈಫನ್ ಆಗಿ ಅರ್ಧ ಟ್ಯಾಂಕ್ ರಸ್ತೆಗೆ ಹೋಗಿಬಿಡುತ್ತದೆ. ಪ್ಯಾನೆಲ್ ನಂಬಬೇಡಿ, ಅದರಲ್ಲಿ ಬರೀ ಮೂರ್ನಾಲ್ಕು ದೀಪ. ಟ್ಯಾಂಕ್ ಬದಿಗೆ ಟಾರ್ಚ್ ಹಿಡಿದರೆ ನೀರಿನ ಗೆರೆ ಕಾಣುತ್ತದೆ.

ದಾರಿಹೋಕ · ಸ್ಯಾಕ್ರಮೆಂಟೊ

ಎರಡು ದಿನ ಬರಲಾಗಲಿಲ್ಲ, ಈಗ ಪೂರ್ತಿ ಹೇಳುತ್ತೇನೆ.

ಹಿಡಿಕೆಯನ್ನು ಟ್ಯಾಂಕ್ ಕಡೆಗೆ ಪೂರ್ತಿ ತಿರುಗಿಸಿದೆ. ಮೊದಲು ಅರ್ಧ ನಿಮಿಷ ಗಾಳಿ, ಆಮೇಲೆ ಒಂದೇ ಸಮನೆ ನೀರು! ಹೆಂಡತಿಯನ್ನು ಕರೆದು ತೋರಿಸಿದೆ.

ಪಂಪ್ ಬಿಚ್ಚಿದೆ. ಚೆಕ್ ವಾಲ್ವ್‌ನ ಅಂಚಿನಲ್ಲಿ ಒಂದು ಬಿಳಿ ಸುರುಳಿ, ಉಗುರಿಗಿಂತ ಚಿಕ್ಕದು, ಸಿಕ್ಕಿಕೊಂಡಿತ್ತು. ಬೇರೆ ಏನೂ ಕೆಟ್ಟಿರಲಿಲ್ಲ. ರಬ್ಬರ್ ಮೆತ್ತಗಿತ್ತು. ತೊಳೆದು ಹಾಕಿದೆ. ಜಾಲರಿಯ ಒಂದು ಮೂಲೆ ಹರಿದಿತ್ತು, ಹೊಸ ಸ್ಟ್ರೈನರ್ ತಂದೆ, 15 ಡಾಲರ್. ಟ್ಯಾಂಕ್‌ಗೆ ಮೂರು ಸಲ ನೀರು ತುಂಬಿ ಕೆಳಗಿನ ಡ್ರೈನ್ ತೆರೆದು ಬಿಟ್ಟೆ. ಇನ್ನೂ ಒಂದು ಹಿಡಿ ತುರಿ ಬಂತು.

ಆಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿದೆ. ಸಿಟಿ ವಾಟರ್ ಬಿಟ್ಟು ಒಂದು ಗಂಟೆ ಕಾದೆ. ಪಾತ್ರೆಯಲ್ಲಿ ಒಂದು ಹನಿ ಇಲ್ಲ. ನಿನ್ನೆ ರಾತ್ರಿ ಮಕ್ಕಳ ಜೊತೆ ಮನೆ ಮುಂದೆ ಗಾಡಿಯಲ್ಲೇ ಮಲಗಿದ್ದೆ. ಬೆಳಗಿನ ತನಕ ಪಂಪ್ ಒಂದು ಸಲವೂ ಓಡಲಿಲ್ಲ.

ಉಳಿದದ್ದು ಒಂದು. ಅಡುಗೆಮನೆ ನಲ್ಲಿಯಲ್ಲಿ ಮಾತ್ರ ನೀರು ಸಣ್ಣಗೆ ಬರುತ್ತದೆ.

ಒಗ್ಗರಣೆ · ಸ್ಯಾನ್ ಹೋಸೆ

ನಲ್ಲಿಯ ಮೂತಿಯ ಜಾಲರಿ ತಿರುಗಿಸಿ ಬಿಚ್ಚಿ. ಅಲ್ಲೂ ನಿಮ್ಮ ತೆಂಗಿನ ತುರಿ ಇರುತ್ತದೆ.

ಚಕ್ರದ ಮನೆ · ಫೀನಿಕ್ಸ್

ಬಹಳ ಸಂತೋಷ ಆಯಿತು. ಮುಂದಿನ ಸಲ ಕ್ಯಾಂಪ್ ನಲ್ಲಿಗೆ ಪ್ರೆಶರ್ ರೆಗ್ಯುಲೇಟರ್ ಹಾಕಿಯೇ ಜೋಡಿಸಿ. 40ರಿಂದ 50 ಪಿಎಸ್‌ಐದು. ಕೆಲವು ಕ್ಯಾಂಪ್‌ಗಳಲ್ಲಿ 80ಕ್ಕಿಂತ ಜಾಸ್ತಿ ಬರುತ್ತದೆ. ರೆಗ್ಯುಲೇಟರ್ ಗಾಡಿ ಕಡೆಗಲ್ಲ, ನಲ್ಲಿ ಕಡೆಗೆ ಹಾಕಿ, ಆಗ ಹೋಸ್ ಕೂಡ ಉಳಿಯುತ್ತದೆ.

ಹೆದ್ದಾರಿ · ಡಲ್ಲಾಸ್

15 ಡಾಲರ್‌ನಲ್ಲಿ ಮುಗಿಯಿತು ಅಂದರೆ ನನ್ನ ಮಾತಿಗಿಂತ ಇದೇ ಸರಿ. ಆದರೂ ಒಂದು ಪಂಪ್ ಜೊತೆಗಿರಲಿ.

ದಾರಿಹೋಕ · ಸ್ಯಾಕ್ರಮೆಂಟೊ

ತರಿಸಿದ್ದೇನೆ ಸರ್, ಮಂಚದ ಕೆಳಗಿದೆ. ರೆಗ್ಯುಲೇಟರ್ ಕೂಡ ಬಂತು. ಮೇಡಂ, ನಲ್ಲಿ ಮೂತಿಯಲ್ಲಿ ನೀವು ಹೇಳಿದ ಹಾಗೇ ತುರಿ ಇತ್ತು, ಈಗ ಸರಿಹೋಯಿತು.

ಚಾಮುಂಡಿ ಬೆಟ್ಟದ ಬುಡ · ಮೈಸೂರು

ದಾರಿಹೋಕ ಸರ್, ಆ ಥ್ರೀ-ವೇ ವಾಲ್ವ್‌ನ ಫೋಟೋ ಹಾಕುತ್ತೀರಾ? ಹಿಡಿಕೆ ಯಾವ ಕಡೆ ಇದ್ದರೆ ಟ್ಯಾಂಕ್ ಅಂತ ತಿಳಿಯಬೇಕಿತ್ತು.

ದಾರಿಹೋಕ · ಸ್ಯಾಕ್ರಮೆಂಟೊ

ಸಂಜೆ ಹಾಕುತ್ತೇನೆ. ನಮ್ಮದರಲ್ಲಿ ಹಿಡಿಕೆಯ ಮೇಲೆ ಬಾಣ ಇದೆ, ಆದರೆ ಎಲ್ಲ ಕಂಪನಿಯದ್ದೂ ಒಂದೇ ರೀತಿ ಇರುವುದಿಲ್ಲ. ಟ್ಯಾಂಕ್ ಪೈಪ್ ಯಾವುದು ಅಂತ ಕೈಯಲ್ಲಿ ಹಿಡಿದು ಟ್ಯಾಂಕ್ ತನಕ ನೋಡಿಕೊಳ್ಳಿ. ನಾನು ಮಾರ್ಕರ್‌ನಿಂದ ಒಂದು ಕಡೆ ‘ಟ್ಯಾಂಕ್’, ಇನ್ನೊಂದು ಕಡೆ ‘ಚಳಿಗಾಲ’ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಮಾವನಿಗೂ ಓದಲು ಆಗಲಿ ಅಂತ.